‘ಡೀಡೀ ಡೀಡೀ’ ಅಂದರೆ ಯಾರು?

ಅಂಕಿಗಳನ್ನು ಸಮ ಅಂತರದಲ್ಲಿ ಕೇಳಿಸಬೇಕು; ಕೆಲಸ ಇಷ್ಟೇ. ಒಂದೊಂದು ಅಂಕಿಯ ದನಿ ಶುರುವಾಗುವ ಕ್ಷಣವನ್ನು ಅಳೆದು ಜೋಡಿಸಿದರೂ ಕಿವಿಗೆ ಮಾತ್ರ ತಾಳ ತಪ್ಪಿದಂತೆಯೇ. ಜಾನ್ ಮಾರ್ಟನ್ ಮತ್ತು ಸಂಗಡಿಗರು 1976ರಲ್ಲಿ ಈ ಒಗಟನ್ನು ಬರೆದಿಟ್ಟರು: ಮಾತಿನ ಪೆಟ್ಟು ನಮಗೆ ಕೇಳುವುದು ಶಬ್ದ ಹುಟ್ಟಿದ ಗಳಿಗೆಯಲ್ಲೇ ಅಲ್ಲ. ಅದು ಸ್ವರ ಮೇಲೇಳುವ ಆಸುಪಾಸಿನಲ್ಲಿ ಎಂಬುದು ಮುಂದೆ ತಿಳಿಯುತ್ತಾ ಹೋಯಿತು. ಓದಿನ ಸುದ್ದಿಯೇ ಅಲ್ಲಿರಲಿಲ್ಲ.

ಅತ್ತ ಓದಿನ ಅಧ್ಯಯನ ಮಾಡುವವರು ಪ್ರಾಸದ ಬೆನ್ನು ಹತ್ತಿದ್ದರು. ಪ್ರಾಸ ಗುರುತಿಸಬಲ್ಲ ಎಳೆಯರು ಮುಂದೆ ಚೆನ್ನಾಗಿ ಓದುತ್ತಾರೆಂದು ಆಕ್ಸ್‌ಫರ್ಡಿನ ಲಿನೆಟ್ ಬ್ರಾಡ್ಲಿ, ಪೀಟರ್ ಬ್ರಯಂಟ್ 1983ರಲ್ಲಿ ಸುಮಾರು 400 ಮಕ್ಕಳನ್ನು ಪರೀಕ್ಷಿಸಿ ತೋರಿಸಿದ್ದರು. ಬ್ರಯಂಟರ ಶಿಷ್ಯೆ ಉಷಾ ಗೋಸ್ವಾಮಿ 2002ರಲ್ಲಿ ಈ ಎರಡು ಎಳೆಗಳಿಗೆ ಗಂಟು ಹಾಕಿದರು. ಮಕ್ಕಳಿಗೆ ಮತ್ತೆಮತ್ತೆ ಉಬ್ಬಿ ಇಳಿಯುವ ಒಂದು ದನಿ ಕೇಳಿಸಿದರು. ಥಟ್ಟನೆ ಉಬ್ಬಿದರೆ ತಾಳ ಹಾಕಿದಂತೆ, ನಿಧಾನಕ್ಕೆ ಉಬ್ಬಿದರೆ ಬರೀ ತೂಗಾಟ. ಡಿಸ್ಲೆಕ್ಸಿಯಾ, ಅಂದರೆ ಓದಿನ ತೊಡಕು, ಇದ್ದ ಮಕ್ಕಳಿಗೆ ಈ ವ್ಯತ್ಯಾಸ ಹಿಡಿಯುವುದೇ ಕಷ್ಟವಾಯಿತು. ಅಕ್ಷರದ ತೊಡಕೆಂದು ಕಂಡದ್ದರ ಬೇರು ತಾಳದಲ್ಲೂ ಇದ್ದೀತು ಎಂಬ ಊಹೆ ಹುಟ್ಟಿದ್ದು ಹೀಗೆ.

ನನಗೆ ಇನ್ನೂ ಇಷ್ಟವಾಗುವುದು ಆಸ್ಟ್ರೇಲಿಯಾದ ಕರೆನ್ ವಾಲಿ, ಜೂಲಿ ಹ್ಯಾನ್ಸನ್ 2006ರಲ್ಲಿ ಪ್ರಕಟಿಸಿದ ಪರೀಕ್ಷೆ. ಅದರಲ್ಲೊಂದು ಆಟ, ಅವರಿಗಿಂತ ಮುಂಚೆಯೇ ಬಳಕೆಯಲ್ಲಿದ್ದದ್ದು: ಮಾತಿನ ಪ್ರತಿ ಉಚ್ಚಾರಾಂಶವನ್ನೂ ‘ಡೀ’ ಮಾಡಿ, ಒತ್ತು, ಏರಿಳಿತ ಮಾತ್ರ ಹಾಗೇ ಉಳಿಸುವುದು. ‘ಹಂಪ್ಟಿ ಡಂಪ್ಟಿ’ ಆಗ ‘ಡೀಡೀ ಡೀಡೀ’. ಪದ ಅಳಿಸಿದ ಮೇಲೂ ರಾಗದಿಂದಲೇ ಯಾರೆಂದು ಹೇಳಬೇಕು. ಇನ್ನೊಂದು ಆಟ ಜೋಡುಪದದ್ದು. ನಮ್ಮ ಸಂತೆಯ ಚೀಟಿಯನ್ನೇ ತೆಗೆದುಕೊಳ್ಳಿ: ‘ಬಾಳೆಎಲೆ, ಅಡಿಕೆ’ ಅಂದರೆ ಊಟದ ಎಲೆ; ‘ಬಾಳೆ, ಎಲೆ, ಅಡಿಕೆ’ ಅಂದರೆ ಆ ಎಲೆ ವೀಳ್ಯದೆಲೆ. ಒಂದು ಚಣದ ನಿಲುಗಡೆ ಊಟವನ್ನು ತಾಂಬೂಲ ಮಾಡಿಬಿಡುತ್ತದೆ! (ಇಂಗ್ಲಿಷಿನಲ್ಲಿ ಒತ್ತು ಪದದ ಅರ್ಥವನ್ನೇ ಬದಲಿಸಬಹುದು. ಕನ್ನಡದಲ್ಲಿ ಹಾಗಿಲ್ಲ, ಅವರ ಆಟವನ್ನು ಇಲ್ಲಿಗೆ ಹಾಗೇ ಎತ್ತಿ ತರಲಾಗದು.)

ವಾಲಿ, ಹ್ಯಾನ್ಸನ್ ಪರೀಕ್ಷಿಸಿದ ನಾಲ್ಕನೇ ತರಗತಿಯ ಮಕ್ಕಳಲ್ಲಿ ಪದಗಳ ಬೆಸುಗೆ ಕೇಳಿಸಿಕೊಳ್ಳುವ ಜಾಣ್ಮೆ ಪದ ಗುರುತಿಸಿ ಓದುವುದರ ಜೊತೆಗಿತ್ತು; ‘ಡೀಡೀ’ ಹಿಡಿಯುವ ಜಾಣ್ಮೆ ಓದಿದ್ದು ಅರ್ಥವಾಗುವುದರ ಜೊತೆ. ಧ್ವನಿ ಬಿಡಿಸುವ ಶಕ್ತಿ, ಬರೀ ತಾಳದ ಅರಿವು ಎರಡನ್ನೂ ಲೆಕ್ಕದಿಂದ ಕಳೆದ ಮೇಲೂ ಈ ನಂಟು ಉಳಿಯಿತು. ಆದರೆ ಎಲ್ಲವನ್ನೂ ಅಳೆದದ್ದು ಒಂದೇ ಕಾಲಕ್ಕೆ. ರಾಗ ಓದನ್ನು ಬೆಳೆಸಿತೋ, ಓದೇ ಕಿವಿಯನ್ನು ತಿದ್ದಿತೋ ಎಂಬುದು ಆ ಅಳತೆಯಿಂದ ಬಗೆಹರಿಯಲಿಲ್ಲ.