ವಸ್ತ್ರವಿನ್ಯಾಸಕರ ವ್ಯಕ್ತಿಚಿತ್ರ: ಓದಿಸಿಕೊಳ್ಳುವ ಗುಣ ಬರುವುದೆಲ್ಲಿಂದ?

ವ್ಯಕ್ತಿಚಿತ್ರವೆಂಬ ಪ್ರಕಾರ ಕನ್ನಡಕ್ಕೆ ಹೊಸದಲ್ಲ. ಡಿ.ವಿ. ಗುಂಡಪ್ಪನವರ 'ಜ್ಞಾಪಕ ಚಿತ್ರಶಾಲೆ'ಯ ಸಂಪುಟಗಳನ್ನು ಓದಿದವರಿಗೆ, ಒಬ್ಬ ವ್ಯಕ್ತಿಯ ನಡೆನುಡಿಯ ಮೂಲಕ ಒಂದು ಕಾಲವನ್ನೇ ಕಾಣಿಸಬಹುದೆಂಬುದು ತಿಳಿದೇ ಇದೆ. ಆದರೆ ಇಂಗ್ಲಿಷ್ ನಿಯತಕಾಲಿಕೆಗಳಲ್ಲಿ 'ಪ್ರೊಫೈಲ್' ಎಂಬ ಹೆಸರಿನಿಂದ ಬೆಳೆದ ಬರಹ ಇದಕ್ಕಿಂತ ತುಸು ಬೇರೆ ಬಗೆಯದು. 1925ರಲ್ಲಿ ಆರಂಭವಾದ 'ದಿ ನ್ಯೂಯಾರ್ಕರ್' ವಾರಪತ್ರಿಕೆ ಈ ಹೆಸರನ್ನೂ ರೂಪವನ್ನೂ ನೆಲೆಗೊಳಿಸಿತು. ಅದು ಜೀವನಚರಿತ್ರೆಯಂತೆ ಹುಟ್ಟಿನಿಂದ ಸಾವಿನವರೆಗೆ ಸಾಗುವುದಿಲ್ಲ. ಸಂದರ್ಶನದಂತೆ ಪ್ರಶ್ನೋತ್ತರವೂ ಅಲ್ಲ. ಸ್ಮರಣೆಯಂತೆ ಲೇಖಕರ ಒಡನಾಟವನ್ನು ನೆಚ್ಚಿಕೊಂಡದ್ದೂ ಅಲ್ಲ. ಇನ್ನೂ ಬದುಕಿರುವ, ಕೆಲಸ ಮಾಡುತ್ತಿರುವ ಒಬ್ಬರನ್ನು ಕೆಲಕಾಲ ಹತ್ತಿರದಿಂದ ನೋಡಿ, ದಾಖಲೆಗಳನ್ನು ಪರಿಶೀಲಿಸಿ, ಸುತ್ತಲಿನವರ ಮಾತು ಕೇಳಿ ಕಟ್ಟುವ ಬರಹ ಅದು.

ಈ ಪ್ರಕಾರಕ್ಕೆ ವಸ್ತ್ರವಿನ್ಯಾಸಕರು ಸುಲಭದ ವಸ್ತುವಲ್ಲ. ಕಾದಂಬರಿಕಾರನ ವಾಕ್ಯವನ್ನು ಉದ್ಧರಿಸಬಹುದು. ಬಟ್ಟೆಯನ್ನು ಪುಟದ ಮೇಲೆ ಮುಟ್ಟಿಸಲಾಗದು. ಉಡುಪಿನ ವ್ಯಾಪಾರಕ್ಕೆ 'ಸೊಗಸಾದ', 'ಕಾಲಾತೀತ', 'ದಿಟ್ಟ' ಎಂಬಂತಹ ವಿಶೇಷಣಗಳ ಭಾಷೆಯೊಂದಿದೆ; ಅದು ಯಾವ ಉಡುಪಿಗೂ ಒಪ್ಪುವುದರಿಂದ ಯಾವುದನ್ನೂ ಹೇಳುವುದಿಲ್ಲ. ಜೊತೆಗೆ, ಪತ್ರಿಕೆಗಳು ಉಡುಪಿನ ಮನೆತನಗಳ ಜಾಹೀರಾತನ್ನೇ ನಂಬಿ ಬದುಕುವಾಗ ವ್ಯಕ್ತಿಚಿತ್ರವು ಹೊಗಳಿಕೆಗೆ ಜಾರುವುದು ಸಹಜ. ಎಲ್ಲಕ್ಕಿಂತ ಮಿಗಿಲಾಗಿ, ಹೊರರೂಪವನ್ನು ಕಟ್ಟುವುದೇ ಇವರ ವೃತ್ತಿ. ತಮ್ಮ ರೂಪವನ್ನು ತಾವೇ ಕಟ್ಟಿಕೊಂಡವರನ್ನು ಚಿತ್ರಿಸುವುದು ಹೇಗೆ? ಇಷ್ಟಾಗಿಯೂ ಕೆಲವು ಬರಹಗಳು ಉಳಿದಿವೆ. ಗಾಬ್ರಿಯೆಲ್ ಶನೆಲ್ ಕುರಿತು ಜಾನೆಟ್ ಫ್ಲಾನರ್ 1931ರಲ್ಲಿ, ರೇ ಕವಾಕುಬೊ ಕುರಿತು ಜುಡಿತ್ ಥರ್ಮನ್ 2005ರಲ್ಲಿ, ಕಾರ್ಲ್ ಲಾಗರ್‌ಫೆಲ್ಡ್ ಕುರಿತು ಜಾನ್ ಕೊಲಪಿಂಟೊ 2007ರಲ್ಲಿ ಅದೇ ಪತ್ರಿಕೆಗೆ ಬರೆದವು ಅಂಥವು. ಈ ಮೂವರು ವಿನ್ಯಾಸಕರನ್ನು ಮುಂದಿಟ್ಟುಕೊಂಡು, ಇಂತಹ ಬರಹಕ್ಕೆ ಓದಿಸಿಕೊಳ್ಳುವ ಗುಣ ಎಲ್ಲಿಂದ ಬರುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕೈಯ ಕೆಲಸ

ಮೊದಲನೆಯದು, ಕೆಲಸವನ್ನು ಕಾಣಿಸುವುದು. ಶನೆಲ್ ಕಾಗದದ ಮೇಲೆ ಚಿತ್ರ ಬರೆದು ವಿನ್ಯಾಸ ಮಾಡಿದವಳಲ್ಲ. ಕೊರಳಿಗೆ ಕಟ್ಟಿಕೊಂಡ ಪಟ್ಟಿಯಲ್ಲಿ ಕತ್ತರಿ ತೂಗುತ್ತಿರಲು, ರೂಪದರ್ಶಿಯ ಮೈಮೇಲೆಯೇ ಬಟ್ಟೆಯನ್ನು ಹೊದಿಸಿ, ಗುಂಡುಸೂಜಿ ಚುಚ್ಚಿ, ಕತ್ತರಿಸಿ ಕೆಲಸ ಮಾಡುತ್ತಿದ್ದಳು. ತೋಳು ಭುಜಕ್ಕೆ ಕೂಡುವ ಜಾಗ ಸರಿಬರುವವರೆಗೆ ಹೊಲಿಗೆಯನ್ನು ಮತ್ತೆ ಮತ್ತೆ ಬಿಚ್ಚಿಸುತ್ತಿದ್ದಳು. ಅವಳ ಮೇಲಂಗಿಯ ಕೆಳ ಅಂಚಿನ ಒಳಗೆ ಸಣ್ಣದೊಂದು ಲೋಹದ ಸರಪಳಿಯನ್ನು ಹೊಲಿಯಲಾಗುತ್ತಿತ್ತು. ಅದರ ಭಾರದಿಂದ ಅಂಗಿ ಮೈಮೇಲೆ ನೇರವಾಗಿ ಇಳಿಯುತ್ತಿತ್ತು. ಅಸ್ತರನ್ನು ಮೇಲ್ಬಟ್ಟೆಗೆ ಸಾಲುಸಾಲಾಗಿ ಹೊಲಿದು ಕೂಡಿಸುತ್ತಿದ್ದುದರಿಂದ ನಡುವೆ ಬಿರುಸಾದ ಬಟ್ಟೆಯ ಆಸರೆ ಬೇಕಾಗುತ್ತಿರಲಿಲ್ಲ.

ಈ ವಿವರಗಳು ಓದುಗರನ್ನು ಹಿಡಿದಿಡಲು ಕಾರಣವಿದೆ. ಪ್ರತಿಯೊಂದರ ಹಿಂದೆಯೂ ಒಂದು 'ಏಕೆ' ಇದೆ, ಮತ್ತು ಆ 'ಏಕೆ'ಗಳೆಲ್ಲ ಒಂದೇ ಕಡೆಗೆ ತಿರುಗುತ್ತವೆ: ಕೈ ಎತ್ತಿದಾಗ ಅಂಗಿ ಮೇಲೇಳಬಾರದು, ತೊಟ್ಟವಳು ನಡೆಯಬೇಕು, ಬಾಗಬೇಕು, ದುಡಿಯಬೇಕು. ಅದುವರೆಗೆ ಹೆಚ್ಚಾಗಿ ಗಂಡಸರ ಒಳಉಡುಪಿಗೆ ಬಳಕೆಯಾಗುತ್ತಿದ್ದ ಜರ್ಸಿ ಬಟ್ಟೆಯನ್ನು ಮೊದಲ ಮಹಾಯುದ್ಧದ ದಿನಗಳಲ್ಲಿ ಅವಳು ಹೆಂಗಸರ ಹೊರಉಡುಪಿಗೆ ತಂದದ್ದೂ ಇದೇ ವಿಚಾರದ ಭಾಗ. 'ಸ್ತ್ರೀಯರನ್ನು ಬಿಡುಗಡೆಗೊಳಿಸಿದ ವಿನ್ಯಾಸಕಿ' ಎಂಬ ಘೋಷಣೆಯನ್ನು ಓದುಗರು ಒಪ್ಪಬಹುದು, ಬಿಡಬಹುದು. ತೋಳಿನ ಹೊಲಿಗೆಯ ವಿವರ ಮಾತ್ರ ಅವರನ್ನು ತಾವೇ ಆ ತೀರ್ಮಾನಕ್ಕೆ ಬರುವಂತೆ ಮಾಡುತ್ತದೆ.

ಸ್ವಯಂಕಥನದ ಕಷ್ಟ

ಎರಡನೆಯದು, ವಿನ್ಯಾಸಕರು ತಮ್ಮ ಬಗ್ಗೆ ಹೇಳಿಕೊಳ್ಳುವ ಕಥೆಯೊಡನೆ ಲೇಖಕರು ನಡೆಸುವ ವ್ಯವಹಾರ. ಶನೆಲ್ ಹುಟ್ಟಿದ್ದು 1883ರಲ್ಲಿ, ಸೋಮ್ಯೂರ್ ಪಟ್ಟಣದ ಬಡವರ ಆಸ್ಪತ್ರೆಯಲ್ಲಿ. ತಾಯಿ ತೀರಿಕೊಂಡ ಬಳಿಕ ಓಬಜೀನಿನ ಸಂನ್ಯಾಸಿನಿಯರ ಅನಾಥಾಶ್ರಮದಲ್ಲಿ ಬೆಳೆದಳು. ಬದುಕಿನುದ್ದಕ್ಕೂ ಅವಳು ಈ ಮಾತನ್ನು ಮುಚ್ಚಿಟ್ಟಳು. ತನ್ನನ್ನು ಸಾಕಿದ್ದು ಚಿಕ್ಕಮ್ಮಂದಿರೆಂದು ಹೇಳಿಕೊಂಡಳು. ವಯಸ್ಸಿನಲ್ಲಿ ಹತ್ತು ವರ್ಷ ಕಳೆದಳು. ಪೋಲ್ ಮೋರಾನನಿಗೆ ಅವಳು 1946ರಲ್ಲಿ ಹೇಳಿದ ನೆನಪುಗಳು ಪುಸ್ತಕವಾಗಿ ಬಂದದ್ದು ಅವಳು ತೀರಿಕೊಂಡ ಮೇಲೆ, 1976ರಲ್ಲಿ. ಲಾಗರ್‌ಫೆಲ್ಡ್‌ನದೂ ಇದೇ ಬಗೆ: ದಾಖಲೆಗಳು ಅವನ ಜನ್ಮವರ್ಷ 1933 ಎಂದು ತೋರಿಸಿದರೂ ಅವನು 1938 ಎನ್ನುತ್ತಿದ್ದುದುಂಟು, 1935 ಎಂದದ್ದೂ ಉಂಟು.

ಇಂತಹ ಕಡೆ ದುರ್ಬಲ ಲೇಖಕರಿಗೆ ಎರಡೇ ದಾರಿ ಕಾಣುತ್ತವೆ: ಹೇಳಿದ್ದನ್ನು ಹಾಗೆಯೇ ಬರೆಯುವುದು, ಇಲ್ಲವೇ ಸುಳ್ಳನ್ನು ಬಯಲಿಗೆಳೆದು ಸಂಭ್ರಮಿಸುವುದು. ಸಮರ್ಥರು ಮೂರನೆಯದನ್ನು ಆರಿಸಿಕೊಳ್ಳುತ್ತಾರೆ. ದಾಖಲೆಯನ್ನೂ ಕಥೆಯನ್ನೂ ಎದುರುಬದುರಾಗಿಟ್ಟು, ಈ ಕಥೆ ಇವರಿಗೆ ಏಕೆ ಬೇಕಾಯಿತು ಎಂದು ಕೇಳುತ್ತಾರೆ. ಆಗ ಸುಳ್ಳೂ ಒಂದು ಸಾಕ್ಷ್ಯವಾಗುತ್ತದೆ. ಆಶ್ರಮದ ಕಪ್ಪುಬಿಳುಪಿಗೂ ಶನೆಲ್ ಉಡುಪಿನ ಕಪ್ಪುಬಿಳುಪಿಗೂ ಸಂಬಂಧ ಕಟ್ಟಿದವರು ಹಲವರಿದ್ದಾರೆ. ಅದನ್ನು ಖಚಿತವೆಂದು ಸಾಧಿಸಲಾಗದು. ಆದರೆ ಮುಚ್ಚಿಟ್ಟ ಬಾಲ್ಯವೊಂದಿತ್ತು ಎಂದು ತಿಳಿದ ಮೇಲೆ ಆ ಉಡುಪಿನ ಕಟ್ಟುನಿಟ್ಟನ್ನು ನಾವು ಬೇರೆಯಾಗಿ ನೋಡುತ್ತೇವೆ ಎಂಬುದಂತೂ ನಿಜ.

ಮೌನ ಮತ್ತು ಅನುವಾದ

ದ್ವಿಭಾಷಿಕ ಓದುಗರಿಗೆ ಹೆಚ್ಚು ಹತ್ತಿರವಾದ ಪ್ರಕರಣ ಕವಾಕುಬೊ ಅವರದು. 1942ರಲ್ಲಿ ಟೋಕಿಯೊದಲ್ಲಿ ಹುಟ್ಟಿದ ಇವರು 1969ರಲ್ಲಿ 'ಕಾಮ್ ದೆ ಗಾರ್ಸೋ' ಎಂಬ ಫ್ರೆಂಚ್ ಹೆಸರಿನಲ್ಲಿ ಉಡುಪು ತಯಾರಿಸತೊಡಗಿದರು; 1981ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ ನೀಡಿದರು. ಸಂದರ್ಶನ ಕೊಡುವುದು ಅಪರೂಪ. ಕೊಟ್ಟಾಗಲೂ ಸಾಮಾನ್ಯವಾಗಿ ಪತಿ ಏಡ್ರಿಯನ್ ಜಾಫಿ ಅವರ ಅನುವಾದದ ಮೂಲಕ. ಮಾತನ್ನೇ ಸಾಮಗ್ರಿಯಾಗಿ ನಂಬಿದ ಪ್ರಕಾರಕ್ಕೆ ಇದು ಕಠಿಣ ಪರೀಕ್ಷೆ.

ಇಲ್ಲಿ ಲೇಖಕರಿಗೆ ನೆರವಾಗುವುದು ಕೆಲಸದ ಕ್ರಮವೇ. ಎಂಬತ್ತರ ದಶಕದ ಆರಂಭದಲ್ಲಿ ಹೆಣಿಗೆ ಯಂತ್ರದ ತಿರುಪುಗಳನ್ನು ಸಡಿಲಿಸಿ, ಬಟ್ಟೆಯಲ್ಲಿ ಎಣಿಕೆಗೆ ಸಿಗದ ತೂತುಗಳು ಬೀಳುವಂತೆ ಮಾಡಿದ್ದು. ಪ್ಯಾಟರ್ನ್ ಕತ್ತರಿಸುವವರಿಗೆ ಚಿತ್ರದ ಬದಲು ಮುದುಡಿದ ಕಾಗದವನ್ನು ಕೊಟ್ಟು, ಅಂಥದ್ದನ್ನು ಮಾಡಿ ಎಂದದ್ದು. 1997ರ ವಸಂತ ಋತುವಿನ ಸಂಗ್ರಹದಲ್ಲಿ ಬೆನ್ನು, ಸೊಂಟ, ಹೆಗಲಿನ ಮೇಲೆ ಗಡ್ಡೆಗಳಂತೆ ಉಬ್ಬಿದ ಮೆತ್ತೆಗಳನ್ನಿಟ್ಟು, ದೇಹ ಎಲ್ಲಿ ಮುಗಿದು ಉಡುಪು ಎಲ್ಲಿ ಆರಂಭವಾಗುತ್ತದೆಂಬುದನ್ನೇ ಕಲಕಿಬಿಟ್ಟದ್ದು. ಮುದುಡಿದ ಕಾಗದವನ್ನು ಉಡುಪಾಗಿಸುವವರು ಮಾಡುವುದೂ ಒಂದು ಅನುವಾದವೇ. ಮಾತು ಕಡಿಮೆಯಾದಷ್ಟೂ ಕೆಲಸಗಾರರ ಪಾಲು ಹೆಚ್ಚುತ್ತದೆ.

ಭಾಷೆಯ ಅನುವಾದದಲ್ಲಿ ಇನ್ನೊಂದು ಎಚ್ಚರವೂ ಬೇಕು. ನಡುವೆ ದುಭಾಷಿಯೊಬ್ಬರಿದ್ದಾಗ ಉದ್ಧರಣ ಚಿಹ್ನೆಯೊಳಗಿನ ಮಾತು ಯಾರದು? ಆ ನಡುವಿನವರು ಪತಿಯೂ ಸಂಸ್ಥೆಯ ಮುಖ್ಯಸ್ಥರೂ ಆಗಿದ್ದಾಗ ಪ್ರಶ್ನೆ ಇನ್ನೂ ತೊಡಕಾಗುತ್ತದೆ. ದುಭಾಷಿಯನ್ನು ಮರೆಮಾಡಿ, ಇಬ್ಬರೇ ಕೂತು ಮಾತಾಡಿದಂತೆ ಬರೆಯುವುದು ಓದುಗರನ್ನು ದಾರಿತಪ್ಪಿಸಿದಂತೆ. ಆ ಮೂರನೆಯವರನ್ನು ಪುಟದ ಮೇಲೆ ಕೂರಿಸಿದ ಬರಹ ಹೆಚ್ಚು ಪ್ರಾಮಾಣಿಕ. ಹೆಚ್ಚು ಸ್ವಾರಸ್ಯಕರವೂ ಹೌದು.

ಉಡುಪಿನ ಹಿಂದಿನ ಜನ, ಹಣ

ಮೂರನೆಯ ಅಂಶ, ಒಬ್ಬರ ಹೆಸರಿನ ಹಿಂದಿರುವ ಅನೇಕರು. 1936ರ ಬೇಸಿಗೆಯಲ್ಲಿ ಫ್ರಾನ್ಸಿನಾದ್ಯಂತ ಮುಷ್ಕರಗಳು ನಡೆದಾಗ ಶನೆಲ್ ಮನೆತನದ ಹೊಲಿಗೆಯವರೂ ಕೆಲಸ ನಿಲ್ಲಿಸಿ, ಒಡತಿಯನ್ನೇ ಒಳಗೆ ಬಿಡದೆ ತಡೆದರು. 1939ರಲ್ಲಿ ಯುದ್ಧ ಆರಂಭವಾದಾಗ ಅವಳು ಉಡುಪಿನ ಮನೆಯನ್ನು ಮುಚ್ಚಿದಳು. ಹೊಲಿಗೆಯ ಹೆಂಗಸರು ಕೆಲಸ ಕಳೆದುಕೊಂಡರು. 1924ರ ಒಪ್ಪಂದದಂತೆ ಸುಗಂಧದ್ರವ್ಯದ ಕಂಪನಿಯಲ್ಲಿ ಅವಳ ಪಾಲು ಶೇಕಡಾ 10 ಮಾತ್ರ. ಪ್ಯಾರಿಸ್ ಜರ್ಮನರ ವಶದಲ್ಲಿದ್ದಾಗ, ಯಹೂದಿಗಳ ಆಸ್ತಿಯನ್ನು ಕಸಿಯುವ ಕಾನೂನನ್ನು ಬಳಸಿ, ಪಾಲುದಾರರಾದ ವೆರ್ಥೈಮರ್ ಕುಟುಂಬದಿಂದ ಆ ಕಂಪನಿಯನ್ನು ತನ್ನ ಕೈಗೆ ತೆಗೆದುಕೊಳ್ಳಲು ಯತ್ನಿಸಿದಳು. ಅವರು ಮೊದಲೇ ಕಂಪನಿಯನ್ನು ಬೇರೊಬ್ಬರ ಹೆಸರಿಗೆ ಮಾಡಿದ್ದರಿಂದ ಅದು ಕೈಗೂಡಲಿಲ್ಲ. 1954ರಲ್ಲಿ, ಎಪ್ಪತ್ತರ ಹರೆಯದಲ್ಲಿ, ಅವಳು ಉಡುಪಿನ ಮನೆಯನ್ನು ಮತ್ತೆ ತೆರೆದಳು.

ಫ್ಲಾನರ್ 1931ರಲ್ಲಿ ಬರೆದಾಗ, 1924ರ ಒಪ್ಪಂದವೊಂದನ್ನು ಬಿಟ್ಟರೆ, ಇವು ಯಾವುವೂ ನಡೆದಿರಲಿಲ್ಲ. ಆದರೆ ಇಂದು ಶನೆಲ್ ಕುರಿತು ಬರೆಯುವವರು ಅಂಚಿನ ಸರಪಳಿಯನ್ನಷ್ಟೇ ವರ್ಣಿಸಿ ಆ ವರ್ಷಗಳನ್ನು ಒಂದು ವಾಕ್ಯದಲ್ಲಿ ದಾಟಿಬಿಟ್ಟರೆ ಅದು ವ್ಯಕ್ತಿಚಿತ್ರವಲ್ಲ, ಜಾಹೀರಾತು. ಹಾಗೆಯೇ ಆ ವರ್ಷಗಳನ್ನಷ್ಟೇ ಹೇಳಿ ಹೊಲಿಗೆಯನ್ನು ಬಿಟ್ಟರೆ ಅದು ಆರೋಪಪಟ್ಟಿ. ಮೈಗೆ ಇಷ್ಟು ಹಿತವಾದ ಉಡುಪನ್ನು ಕಟ್ಟಿದ ಕೈ, ಇತರರ ಆಸ್ತಿಗೂ ಹಾಗೆ ಚಾಚಿತೆಂಬುದನ್ನು ಒಟ್ಟಿಗೆ ಹಿಡಿದಿಡುವುದರಲ್ಲಿ ಬರಹದ ಬಲವಿದೆ. ಓದುಗರನ್ನು ಕೊನೆಯ ಪುಟದವರೆಗೆ ಕರೆದೊಯ್ಯುವುದು ಬಿಡಿಸಲಾರದ ಈ ವಿರೋಧವೇ ಹೊರತು ವ್ಯಕ್ತಿಯ ಖ್ಯಾತಿಯಲ್ಲ.

ಇದರಿಂದ ರಚನೆಯ ತತ್ತ್ವವೂ ದೊರೆಯುತ್ತದೆ. ವ್ಯಕ್ತಿಚಿತ್ರಕ್ಕೆ ಕಾಲಾನುಕ್ರಮಕ್ಕಿಂತ ಮುಖ್ಯವಾದುದು ಒಂದು ಪ್ರಶ್ನೆ. 'ಮಾತನ್ನು ನಂಬದವರು ತಮ್ಮ ವಿಚಾರವನ್ನು ಇತರರಿಗೆ ದಾಟಿಸುವುದು ಹೇಗೆ?' ಎಂಬುದು ಕವಾಕುಬೊ ಅವರನ್ನು ಕುರಿತ ಪ್ರಶ್ನೆಯಾಗಬಹುದು. ಬಾಲ್ಯ, ಶಿಕ್ಷಣ, ಮದುವೆ, ಪ್ರಶಸ್ತಿಗಳೆಲ್ಲ ಆ ಪ್ರಶ್ನೆಗೆ ಬೇಕಾದಾಗ, ಬೇಕಾದಷ್ಟೇ ಬರಬೇಕು.

ಕನ್ನಡದ ವ್ಯಕ್ತಿಚಿತ್ರ, ಅದರಲ್ಲೂ ಅಭಿನಂದನ ಗ್ರಂಥಗಳ ನೆರಳಿನಲ್ಲಿ ಬೆಳೆದದ್ದು, ಗೌರವದ ಭಾರಕ್ಕೆ ಬಾಗುವುದುಂಟು. ಗಡಿಯಾಚೆಯ ಕನ್ನಡಿಗರ ಕಸುಬುಗಳನ್ನು ದಾಖಲಿಸಲು ಹೊರಟವರಿಗೆ ಈ ಬಾಗುವಿಕೆ ದುಬಾರಿಯಾಗುತ್ತದೆ. ಏಕೆಂದರೆ ಎಷ್ಟೋ ಕಸುಬುದಾರರ ಬಗ್ಗೆ ಬರೆಯಲಾಗುವ ಬರಹ ಅದೊಂದೇ ಇರಬಹುದು. ಸೊಲ್ಲಾಪುರದ ಕಡೆಯ ಹೆಂಗಸರೂ ಉಡುವ ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆ ಹಾಕಿ ಕೂಡಿಸಲಾಗುತ್ತದೆ. ಆ ಸೀರೆಯನ್ನು ಬಳಸುವ ವಿನ್ಯಾಸಕರ ಬಗ್ಗೆ 'ಪರಂಪರೆಯಿಂದ ಸ್ಫೂರ್ತಿ ಪಡೆದವರು' ಎಂದು ಬರೆದರೆ ಯಾರಿಗೂ ಏನೂ ತಿಳಿಯದು. ಆ ಕುಣಿಕೆಗಳನ್ನು ಯಾರು ಹಾಕಿದರು, ಅದಕ್ಕೆಷ್ಟು ಹೊತ್ತು ಹಿಡಿಯಿತು, ಮಾರಿದ ಬೆಲೆಯಲ್ಲಿ ಅವರ ಪಾಲೆಷ್ಟು, ಅವರು ಅದನ್ನು ಯಾವ ಭಾಷೆಯಲ್ಲಿ ಯಾವ ಹೆಸರಿನಿಂದ ಕರೆದರು ಎಂದು ಬರೆದರೆ ವಿನ್ಯಾಸಕರೂ ನೇಕಾರರೂ ಒಂದೇ ಚಿತ್ರದೊಳಗೆ ಬರುತ್ತಾರೆ.