ಕೊಳವೆಯ ಮೇಲಿನ ಬರಹ

ಕಾರ್ಖಾನೆಯನ್ನು ನೋಡಹೋದವರ ಕಣ್ಣು ಯಂತ್ರಗಳ ಮೇಲೆ ನಿಲ್ಲುವುದು ಸಹಜ. ಗೋಡೆಯುದ್ದಕ್ಕೂ ಹಾಯ್ದಿರುವ ಕೊಳವೆಗಳನ್ನು ಗಮನಿಸುವವರು ವಿರಳ. ಒಂದರಲ್ಲಿ ನೀರು, ಮತ್ತೊಂದರಲ್ಲಿ ಉಗಿ, ಮಗುದೊಂದರಲ್ಲಿ ಮೈ ಸುಡುವ ಆಮ್ಲ. ಹೊರಗಿನಿಂದ ಎಲ್ಲವೂ ಬರಿಯ ಕೊಳವೆಗಳೇ. ಆದುದರಿಂದ ಒಳಗಿರುವುದನ್ನು ಹೊರಗೆ ಬರೆಯುವ ಪದ್ಧತಿ ಬಂದಿತು. ಬರೆಯತಕ್ಕದ್ದು ಏನನ್ನು ಎಂಬುದೇ ಈ ಹೊತ್ತಿನ ವಿಷಯ.

ಭಾರತೀಯ ಮಾನಕ 2379 ನೀರಿಗೆ ಸಮುದ್ರಹಸುರನ್ನೂ ಗಾಳಿಗೆ ಆಕಾಶನೀಲಿಯನ್ನೂ ಅನಿಲಗಳಿಗೆ ಹಳದಿಯನ್ನೂ ಗೊತ್ತುಮಾಡಿದೆ. ಆದರೆ ಆಮ್ಲಗಳಿಗೆಲ್ಲ ಮೂಲವರ್ಣ ಒಂದೇ, ಕಡುನೇರಳೆ! ಬೇರೆ ಬೇರೆ ವಸ್ತುಗಳಿಗೆ ಒಂದೇ ಅಂಗಿ ತೊಡಿಸಿದಂತಾಯಿತು. ಬಣ್ಣವು ಕುಲವನ್ನು ಹೇಳೀತು, ಗುಣವನ್ನು ಹೇಳಲಾರದು.

ಹೆಸರನ್ನೇ ಬರೆದರಾಯಿತಲ್ಲ ಎನ್ನಬಹುದು. ಬಟ್ಟೆಯನ್ನು ಬಿಳುಪು ಮಾಡುವ ದ್ರವಕ್ಕೆ ಸೋಡಿಯಮ್ ಹೈಪೋಕ್ಲೋರೈಟ್ ಎಂದು ಹೆಸರು. ಆಮ್ಲ ಸೋಂಕಿದೊಡನೆ ಅದರಿಂದ ಕ್ಲೋರಿನ್ ಎಂಬ ವಿಷಾನಿಲ ಹೊರಡುವುದೆಂಬುದು ರಸಾಯನಶಾಸ್ತ್ರ ಓದಿದವರಿಗೆ ಗೊತ್ತು. ಹೆಸರೊಂದನ್ನೇ ಓದಿದವರಿಗೆ ಗೊತ್ತಾಗದು.

2016ನೆಯ ಇಸವಿ ಅಕ್ಟೋಬರ್ 21ರಂದು ಅಮೆರಿಕದ ಕ್ಯಾನ್ಸಸ್ ಸಂಸ್ಥಾನದ ಆಚಿಸನ್ ಪಟ್ಟಣದಲ್ಲಿ ನಡೆದುದು ಇದೇ. ಗಂಧಕಾಮ್ಲವನ್ನು ಹೊತ್ತು ಬಂದ ಲಾರಿಯನ್ನು ಹೈಪೋಕ್ಲೋರೈಟ್ ತೊಟ್ಟಿಯ ಕೊಳವೆಗೆ ಜೋಡಿಸಲಾಯಿತು. ಎರಡು ಕೊಳವೆಗಳ ಬಾಯಿಗಳು ಅಕ್ಕಪಕ್ಕದಲ್ಲಿದ್ದುವು. ನೋಟವೂ ಒಂದೇ ತೆರನಾಗಿದ್ದಿತು. ವಿಷದ ಮೋಡ ಕಾರ್ಖಾನೆಯನ್ನು ದಾಟಿ ಊರನ್ನು ಮುಟ್ಟಿತು. 140ಕ್ಕೂ ಹೆಚ್ಚು ಮಂದಿ ವೈದ್ಯರನ್ನು ಕಾಣಬೇಕಾಯಿತು. ಕೊಳವೆಗಳ ಮೇಲಿನ ಗುರುತು ಸಾಲದಾಗಿದ್ದುದನ್ನು ತನಿಖೆ ಎತ್ತಿ ತೋರಿಸಿತು.

ಅಮೆರಿಕದ ಕಾರ್ಮಿಕರಕ್ಷಣಾ ನಿಯಮವು ಪೀಪಾಯಿ, ಸೀಸೆಗಳ ಮೇಲೆ ಅಪಾಯದ ವಿವರ ಇರಲೇಬೇಕೆನ್ನುತ್ತದೆ. ಕೊಳವೆಯನ್ನು ಮಾತ್ರ ಪಾತ್ರೆಯೆಂದು ಎಣಿಸುವುದಿಲ್ಲ. ಗುರುತಿಲ್ಲದ ಕೊಳವೆಗಳ ವಿಚಾರವನ್ನು ಕೆಲಸಗಾರರಿಗೆ ತಿಳಿಯಹೇಳಬೇಕೆಂದು ವಿಧಿಸುತ್ತದೆ. ಒಳ್ಳೆಯದೇ. ಆದರೆ ತಿಳಿವಳಿಕೆ ದೊರೆಯುವುದು ಒಳಗಿನವರಿಗೆ, ಲಾರಿಯವನಾದರೋ ಹೊರಗಿನವನು. ನಾಲ್ಕು ದಿನದ ಗುತ್ತಿಗೆಗೆ ಬಂದ ಕೂಲಿಯೂ ಹೊರಗಿನವನೇ.

ಆದಕಾರಣ ಹೆಸರಿನ ಮಗ್ಗುಲಲ್ಲಿ ಎರಡು ಮೂರು ಮಾತು ಹೆಚ್ಚಾಗಿರಲಿ: “ಆಮ್ಲ ಸೇರಿಸಬೇಡಿ, ವಿಷಾನಿಲ ಹೊರಡುತ್ತದೆ” ಎಂದು, ಕೆಲಸ ಮಾಡುವವರ ಭಾಷೆಯಲ್ಲಿ. ಓದು ಬಾರದವರಿಗೆ ಚಿತ್ರವಿರಲಿ. 2003ರಲ್ಲಿ ವಿಶ್ವಸಂಸ್ಥೆ ಪ್ರಕಟಿಸಿದ ಚಿಹ್ನೆಗಳಲ್ಲಿ ಕೈಯನ್ನು ಕೊರೆಯುವ ದ್ರವದ ಚಿತ್ರವನ್ನು ಯಾರು ಬೇಕಾದರೂ ಅರಿಯಬಲ್ಲರು. ಪುಟಗಟ್ಟಲೆ ಬರೆದರೆ ಯಾರೂ ಓದರು. ಬರಹದ ಸ್ಥಳವೂ ಮುಖ್ಯ: ತಿರುಪುಗಳ ಬಳಿ, ಕೊಳವೆ ಗೋಡೆಯನ್ನು ಹೊಗುವಲ್ಲಿ, ಎಲ್ಲಕ್ಕಿಂತ ಮಿಗಿಲಾಗಿ ಲಾರಿಯ ಕೊಳವೆಯನ್ನು ಸಿಕ್ಕಿಸುವ ಬಾಯಿಯಲ್ಲಿ, ನಿಂತವನ ಕಣ್ಣಿನ ಮಟ್ಟಕ್ಕೆ.