ಅಂಗಳದಲ್ಲಿ ಎಲ್ಲರೂ ಡಬಲ್ಸ್, ಹೆಸರು ಮಾತ್ರ ಸಿಂಗಲ್ಸ್‌ಗೆ

ಮಳೆಗಾಲ ಮುಗಿದು ನೆಲ ಒಣಗಿದ ಮೇಲೆ ಕಾಪುವಿನಿಂದ ಕಾರ್ಕಳದವರೆಗೆ ರಾತ್ರಿ ಹೊತ್ತು ಒಮ್ಮೆ ಹೋಗಿ ನೋಡಿ. ಇಶಾ ನಮಾಝ್ ಮುಗಿಸಿ ಬಂದ ಹುಡುಗರು ಎರಡು ಕಂಬಕ್ಕೆ ನೆಟ್ ಕಟ್ಟಿ, ಲೈಟ್ ಹಾಕಿ ಶಟಲ್ ಆಡುತ್ತಿರುತ್ತಾರೆ. ಇರುವುದು ಒಂದು ಕೋರ್ಟು, ಕಾಯುವವರು ಹತ್ತು ಮಂದಿ. ಹಾಗಾಗಿ ಸಿಂಗಲ್ಸ್ ಮಾತೇ ಇಲ್ಲ, ಎಲ್ಲ ಡಬಲ್ಸ್. ಉಡುಪಿ, ಮಣಿಪಾಲದ ಒಳಾಂಗಣ ಕೋರ್ಟುಗಳಲ್ಲೂ ಸಂಜೆ ಹೊತ್ತು ಕಾಣುವುದು ನಾಲ್ಕು ನಾಲ್ಕು ಮಂದಿಯೇ.

ಆದರೆ ಈ ಹುಡುಗರ ಬಾಯಲ್ಲಿ ಬರುವ ಹೆಸರುಗಳು ಯಾವುವು? ನಮ್ಮ ಜಿಲ್ಲೆಯ ಪಡುಕೋಣೆ ಊರಿನ ಹೆಸರು ಹೊತ್ತ ಪ್ರಕಾಶ್ ಪಡುಕೋಣೆ. ಸೈನಾ, ಸಿಂಧು. ಈಗ ಕಾರ್ಕಳ ಸಾಣೂರಿನ ಆಯುಷ್ ಶೆಟ್ಟಿ, 2025ರ ಜೂನ್‌ನಲ್ಲಿ ಯುಎಸ್ ಓಪನ್ ಗೆದ್ದು ಬಂದವರು. ಎಲ್ಲರೂ ಸಿಂಗಲ್ಸ್ ಆಟಗಾರರೇ.

ಕಾಪುವಿನಲ್ಲಿರುವ ನನ್ನ ತಂಗಿಯ ಮಗಳು ಹೈಸ್ಕೂಲಿನಲ್ಲಿ ಡಬಲ್ಸ್ ಆಡುತ್ತಾಳೆ. ಕಳೆದ ವರ್ಷ ಗೆದ್ದ ಕಪ್ಪನ್ನು ವೀಡಿಯೊ ಕಾಲಿನಲ್ಲಿ ತೋರಿಸಿದಾಗ ದುಬೈಯಲ್ಲಿರುವ ಅವಳ ಉಪ್ಪ ಖುಷಿಪಟ್ಟರು. ಆಮೇಲೆ ಕೇಳಿದರು: "ಅದೆಲ್ಲ ಸರಿ ಮಗಳೇ, ಇನ್ನೊಬ್ಬಳ ಜೊತೆ ಸೇರಿ ಆಡುವುದರಲ್ಲಿ ಮುಂದೆ ಏನುಂಟು? ಒಬ್ಬಳೇ ಆಡಿದರೆ ಹೆಸರಾದರೂ ಬಂದೀತು." ಅವಳು ನನ್ನ ಮುಖ ನೋಡಿದಳು. ನಾನು ಹೇಳಿದ್ದು ಅಶ್ವಿನಿ ಪೊನ್ನಪ್ಪ ಅವರ ಕಥೆ.

ಕೊಡಗಿನ ಮಾಚಿಮಂಡ ಮನೆತನದ ಅಶ್ವಿನಿ ಹುಟ್ಟಿದ್ದು 1989ರಲ್ಲಿ, ಬೆಂಗಳೂರಿನಲ್ಲಿ. ತಂದೆ ಹಾಕಿ ಆಟಗಾರ, ಮಗಳು ಹಿಡಿದದ್ದು ರ‍್ಯಾಕೆಟ್. ಹಿಂದಿನಿಂದ ಹಾರಿ ಹೊಡೆಯುವ ಸ್ಮ್ಯಾಶ್ ಅವರ ಬಲ. ಹೈದರಾಬಾದಿನ ಜ್ವಾಲಾ ಗುಟ್ಟಾ ಎಡಗೈ ಆಟಗಾರ್ತಿ. ಒಬ್ಬರು ಎಡ, ಒಬ್ಬರು ಬಲ ಆದರೆ ಎದುರಾಳಿಗೆ ತಲೆನೋವು: ಬ್ಯಾಕ್‌ಹ್ಯಾಂಡ್ ಎಲ್ಲಿ ಸಿಗುತ್ತದೆ ಎಂದು ಪ್ರತಿ ಸಲ ಹೊಸದಾಗಿ ಲೆಕ್ಕ ಹಾಕಬೇಕು. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಈ ಜೋಡಿಗೆ ಚಿನ್ನ. ಮರುವರ್ಷ ಲಂಡನ್ನಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. ಆ ಕೂಟದಲ್ಲಿ 1983ರ ಪ್ರಕಾಶ್ ಪಡುಕೋಣೆ ಅವರ ಕಂಚಿನ ಬಳಿಕ ಭಾರತಕ್ಕೆ ಬಂದ ಎರಡನೇ ಪದಕ ಅದು. ನೆನಪಿಡಿ, ಸೈನಾ, ಸಿಂಧು ಇಬ್ಬರೂ ಅಲ್ಲಿ ಪದಕ ಗೆದ್ದದ್ದು ಅದರ ನಂತರ.

2012ರ ಲಂಡನ್ ಒಲಿಂಪಿಕ್ಸ್ ನೆನೆದರೆ ಈಗಲೂ ಬೇಸರ. ಗುಂಪಿನ ಮೂರು ಪಂದ್ಯಗಳಲ್ಲಿ ಎರಡು ಗೆದ್ದರು. ಆದರೂ ಪಾಯಿಂಟ್ ಲೆಕ್ಕದಲ್ಲಿ ಒಂದೇ ಒಂದು ಪಾಯಿಂಟ್‌ನಿಂದ ಕ್ವಾರ್ಟರ್ ಫೈನಲ್ ತಪ್ಪಿತು. ಅದೇ ಕೂಟದಲ್ಲಿ ಬೇಕೆಂದೇ ಸೋಲಲು ಆಡಿದ್ದಕ್ಕೆ ನಾಲ್ಕು ಜೋಡಿಗಳನ್ನು ಹೊರಹಾಕಿದರು. ಗೆಲ್ಲಲು ಆಡಿದವರೂ ಹೊರಗೇ ಉಳಿದರು.

ಡಬಲ್ಸ್‌ನಲ್ಲಿ ಕೈಗೆ ಬರುವುದೆಷ್ಟು ಎಂಬುದನ್ನೂ ಭಾವನಿಗೆ ಮುಚ್ಚಿಡದೆ ಹೇಳಿದೆ. ವಿಶ್ವ ಟೂರ್‌ನ ಯುಎಸ್ ಓಪನ್ ಮಟ್ಟದ ಟೂರ್ನಿಗಳಲ್ಲಿ ಸಿಂಗಲ್ಸ್ ಗೆದ್ದವರಿಗೆ ಒಟ್ಟು ಬಹುಮಾನದ ಶೇ. 7.5. ಡಬಲ್ಸ್ ಗೆದ್ದವರಿಗೆ ಶೇ. 7.9, ಅದೂ ಇಬ್ಬರಿಗೆ ಸೇರಿ! ಆಯುಷ್ ಗೆದ್ದ ಯುಎಸ್ ಓಪನ್‌ನ ಒಟ್ಟು ಮೊತ್ತ 2,40,000 ಡಾಲರ್. ಆ ಲೆಕ್ಕದಲ್ಲಿ ಸಿಂಗಲ್ಸ್ ವಿಜೇತನಿಗೆ 18,000. ಡಬಲ್ಸ್‌ನವರಿಗೆ ತಲಾ 9,480. ವಿಮಾನದ ಟಿಕೆಟ್ ಮಾತ್ರ ಇಬ್ಬರಿಗೂ ಪೂರ್ತಿ. ಇನ್ನೊಂದು ಕಷ್ಟವೂ ಉಂಟು. ರ‍್ಯಾಂಕಿಂಗ್ ಜೋಡಿಯದ್ದು, ಆಟಗಾರ್ತಿಯದ್ದಲ್ಲ. ಜೊತೆಗಾತಿ ಬದಲಾದರೆ ಹೊಸ ಜೋಡಿ ಪುನಃ ಪಾಯಿಂಟ್ ಕೂಡಿಸುತ್ತಾ ಬರಬೇಕು.

ಅಶ್ವಿನಿ ಅದನ್ನು ಎಷ್ಟು ಸಲ ಮಾಡಿದ್ದಾರೆ ನೋಡಿ. ಜ್ವಾಲಾ ಜೊತೆ 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ, 2015ರಲ್ಲಿ ಕೆನಡಾ ಓಪನ್. 2016ರ ರಿಯೋದಲ್ಲಿ ಮೂರಕ್ಕೆ ಮೂರೂ ಸೋಲು. ಅಲ್ಲಿಗೆ ನಿಲ್ಲಿಸಿದ್ದರೂ ಯಾರೂ ಏನೂ ಹೇಳುತ್ತಿರಲಿಲ್ಲ. ಸಿಕ್ಕಿ ರೆಡ್ಡಿ ಜೊತೆ ಸೇರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್‌ನಲ್ಲಿ ಕಂಚು ತಂದರು. ಅದೇ ಕೂಟದ ತಂಡ ವಿಭಾಗದ ಫೈನಲ್‌ನಲ್ಲಿ ಎದುರಿಗಿದ್ದದ್ದು ಮಲೇಷ್ಯಾ. ಮೊದಲ ಪಂದ್ಯ ಮಿಕ್ಸೆಡ್ ಡಬಲ್ಸ್. 28 ವರ್ಷದ ಅಶ್ವಿನಿಯ ಪಕ್ಕದಲ್ಲಿ ಇನ್ನೂ 18 ತುಂಬದ ಸಾತ್ವಿಕ್‌ಸಾಯಿರಾಜ್. ರಿಯೋದಲ್ಲಿ ಬೆಳ್ಳಿ ಗೆದ್ದಿದ್ದ ಜೋಡಿಯನ್ನು ಮೂರು ಗೇಮುಗಳಲ್ಲಿ ಸೋಲಿಸಿದರು. ಭಾರತಕ್ಕೆ ಚಿನ್ನ ಬಂತು. ಆ ಹುಡುಗ ಮುಂದೆ ಚಿರಾಗ್ ಶೆಟ್ಟಿ ಜೊತೆ ವಿಶ್ವದ ನಂಬರ್ ಒನ್ ಆದದ್ದು ಎಲ್ಲರಿಗೂ ಗೊತ್ತು.

ಮುಂದಿನ ಜೊತೆಗಾತಿ ತನಿಷಾ ಕ್ರಾಸ್ಟೊ. ಗೋವಾ ಮೂಲದ ಮನೆಯ ಹುಡುಗಿ, ಹುಟ್ಟಿದ್ದು ದುಬೈಯಲ್ಲಿ. (ಇದನ್ನು ಹೇಳಿದಾಗ ಭಾವ ಫೋನಿನಲ್ಲೇ ಸ್ವಲ್ಪ ನೆಟ್ಟಗೆ ಕುಳಿತ ಹಾಗೆ ಕಂಡಿತು.) ವಯಸ್ಸಿನಲ್ಲಿ ಅಶ್ವಿನಿಗಿಂತ 13 ವರ್ಷ ಚಿಕ್ಕವಳು. 2023ರಲ್ಲಿ ಜೊತೆಯಾಗಿ ಒಂದೂವರೆ ವರ್ಷದೊಳಗೆ ಇಬ್ಬರೂ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದರು. 2023ರ ನವೆಂಬರ್‌ವರೆಗೆ ಎಲ್ಲ ಟೂರ್ನಿಗಳನ್ನೂ ತಾನೇ ನೋಡಿಕೊಂಡು ಆಡಿದ್ದೆ ಎಂದು ಅಶ್ವಿನಿ ಆಮೇಲೆ ಹೇಳಿಕೊಂಡರು. ಎರಡು ಒಲಿಂಪಿಕ್ಸ್ ಆಡಿ, ವಿಶ್ವ ಪದಕ ಗೆದ್ದವರ ಸ್ಥಿತಿ ಇದು. ಸಿಂಗಲ್ಸ್‌ನಲ್ಲಿ ಅಷ್ಟೇ ಸಾಧಿಸಿದವರಿಗೆ ಹೀಗಾಗುತ್ತಿತ್ತೇ ಎಂದು ನನಗೆ ಅನುಮಾನ.

ಪ್ಯಾರಿಸ್‌ನಲ್ಲಿ ಮೂರೂ ಪಂದ್ಯ ಸೋತರು. ಇದೇ ನನ್ನ ಕೊನೆಯ ಒಲಿಂಪಿಕ್ಸ್ ಎಂದು ಅಶ್ವಿನಿ ಕಣ್ಣೀರು ಹಾಕಿದರು. ಅದೇ ಡಿಸೆಂಬರಿನಲ್ಲಿ, 35ನೇ ವಯಸ್ಸಿನಲ್ಲಿ, ತನಿಷಾ ಜೊತೆ ಗುವಾಹಟಿ ಮಾಸ್ಟರ್ಸ್ ಗೆದ್ದರು. ಅಲ್ಲಿ ಅದು ಅವರಿಗೆ ಸತತ ಎರಡನೇ ಪ್ರಶಸ್ತಿ.

ಅಷ್ಟು ಹೊತ್ತು ಸುಮ್ಮನಿದ್ದ ತಂಗಿ ಅಡಿಗೆಮನೆಯಿಂದಲೇ ಕೇಳಿದಳು: "ಬಟ್ಟೆಯದ್ದು ಹೇಗೆ? ದೊಡ್ಡ ಟೂರ್ನಿಗೆ ಹೋದರೆ ತಲೆಗೆ ಹಾಕಲಿಕ್ಕೆ ಬಿಡ್ತಾರಾ?" ನಮ್ಮ ಎಷ್ಟೋ ಮನೆಗಳಲ್ಲಿ ಹುಡುಗಿಯ ಆಟ ನಿಲ್ಲುವುದೇ ಈ ಪ್ರಶ್ನೆಯಲ್ಲಿ, ಹಾಗಾಗಿ ಉತ್ತರ ಇಲ್ಲೂ ಬರೆಯುತ್ತೇನೆ. 2011ರಲ್ಲಿ ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ ಮಹಿಳೆಯರೆಲ್ಲ ಸ್ಕರ್ಟ್ ಹಾಕಬೇಕೆಂದು ನಿಯಮ ತರಲು ಹೊರಟಿತ್ತು. ಆಟಗಾರ್ತಿಯರು ಆಕ್ಷೇಪಿಸಿದರು, 2012ರಲ್ಲಿ ಅದನ್ನು ಕೈಬಿಟ್ಟರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಇರಾನಿನ ಸೊರಯಾ ಅಘಾಯಿ ಹಿಜಾಬ್ ಧರಿಸಿಯೇ ಆಡಿದರು, ಒಂದು ಪಂದ್ಯ ಗೆದ್ದರು ಕೂಡ. ಅದೇ ಕೂಟದ ಮಹಿಳಾ ಡಬಲ್ಸ್ ಚಿನ್ನ ಇಂಡೋನೇಷ್ಯಾದ ಗ್ರೇಸಿಯಾ ಪೊಲಿ ಮತ್ತು ಅಪ್ರಿಯಾನಿ ರಹಾಯು ಅವರಿಗೆ. ಒಬ್ಬರು ಕ್ರೈಸ್ತರು, ಒಬ್ಬರು ಮುಸ್ಲಿಂ.

ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗಳನ್ನು ಕೇಳಿದರು: "ನಿನ್ನ ಜೊತೆ ಆಡುವ ಹುಡುಗಿ ಯಾರು? ಅವಳ ರ‍್ಯಾಕೆಟ್ ಹೇಗುಂಟು?"

"ಹಳತು ಉಪ್ಪ. ತಂತಿ ಎರಡು ಸಲ ತುಂಡಾಗಿದೆ."

ಬರುವ ತಿಂಗಳು ರಜೆಯಲ್ಲಿ ಊರಿಗೆ ಬರುವಾಗ ಭಾವನ ಪೆಟ್ಟಿಗೆಯಲ್ಲಿ ಎರಡು ರ‍್ಯಾಕೆಟ್ ಇರುತ್ತವಂತೆ.